ಮುದುಕಿಯ ನೀಲಿ ಹೊಗೆ

"ಹೊಗೆ ಮೂಸು ಅಂತ ಕರೆಸಿದ್ನೇನೋ, ನಾಯಿ ನನ್ಮಗನೆ? ಹೊಗೆ ನಿಲ್ಲಿಸು ಅಂತ ಕರೆಸಿದ್ದು."

ಇಟ್ಟಿಗೆ ಗೂಡಿನ ಮಾಲೀಕ ಕುರ್ಚಿ ಬಿಟ್ಟು ಏಳಲಿಲ್ಲ. ಸುಟ್ಟ ಇಟ್ಟಿಗೆ ರಾಶಿಯ ನೆರಳಲ್ಲಿ ಕಾಲಮೇಲೆ ಕಾಲು ಹಾಕಿಕೊಂಡೇ ಬೈದ. ಮೆಕ್ಯಾನಿಕ್ ಗ್ರೀಸು ಟ್ರ್ಯಾಕ್ಟರಿನ ಸೈಲೆನ್ಸರ್ ಬಾಯಿಗೆ ಅಂಗೈ ಅಡ್ಡ ಹಿಡಿದು, ಹೊಗೆ ಬಡಿಸಿಕೊಂಡು, ಮತ್ತೆ ಮೂಗಿನ ಹತ್ತಿರ ತಂದ. ಅಂಗೈ ತುಂಬ ಬೆವರಿನಂತೆ ಸಣ್ಣ ಎಣ್ಣೆ ಹನಿಗಳು. ಪೇಟೆಯ ಮೂಲೆಯ ರಿಪೇರಿ ಶೆಡ್ಡಿನಲ್ಲಿ ಬೆಳೆದವನು ಅವನು. ಹೆತ್ತವಳೂ ಈಗ ಗ್ರೀಸು ಅಂತಲೇ ಕರೆಯುವುದು, ನಿಜವಾದ ಹೆಸರು ಕೂಗಿದರೆ ಅವನೇ ತಿರುಗಿ ನೋಡುತ್ತಿರಲಿಲ್ಲ.

ಟ್ರ್ಯಾಕ್ಟರಿಗೂ ಹೆಸರಿತ್ತು. ಮುದುಕಿ. ಇಟ್ಟವನು ಅದರ ಡ್ರೈವರ್, ಗ್ರೀಸುವಿನ ಅಣ್ಣ. ಬೆಳಗ್ಗೆ ಕೀಲಿ ತಿರುಗಿಸುವ ಮೊದಲು ಬಾನೆಟ್ ತಟ್ಟಿ, ಏಳಮ್ಮ ತಾಯಿ, ನಿನಗೂ ರಜೆ ಇಲ್ಲ ನನಗೂ ಇಲ್ಲ, ಎನ್ನುತ್ತಿದ್ದ. ಹೋದ ವಾರ ಅದೇ ಮುದುಕಿ ಮಣ್ಣು ತುಂಬಿದ ಟ್ರೈಲರಿನ ಸಮೇತ ಹಿಂದಕ್ಕೆ ಉರುಳಿ ಮಣ್ಣಿನ ಗುಂಡಿಗೆ ಬಿದ್ದಿತು. ಅಡಿಯಲ್ಲಿ ಅಣ್ಣ ಇದ್ದ. ಉಳಿದವರೆಲ್ಲ ಊಟಕ್ಕೆ ಕೂತಿದ್ದ ಹೊತ್ತು. ಇನ್ನೊಂದು ಲೋಡು ಹೊಡೆದು ಬಂದು ಉಣ್ಣು ಎಂದು ಅವನಿಗೊಬ್ಬನಿಗೆ ಅಪ್ಪಣೆಯಾಗಿತ್ತು. ಓಡಿಬಂದವರಿಗೆ ಕಂಡದ್ದು ಹೊಗೆ ಮಾತ್ರ, ಗುಂಡಿಯ ದಡವೇ ಕಾಣದಷ್ಟು ಹೊಗೆ. ಅದು ಇಳಿದ ಮೇಲೆ ಹೆಣ ಸಿಕ್ಕಿತು. ಮೈಮೇಲೆ ಅಂಗಿ ಇರಲಿಲ್ಲ.

ಆ ಬರಿಮೈಯನ್ನೇ ಮಾಲೀಕ ಗಟ್ಟಿಯಾಗಿ ಹಿಡಿದುಕೊಂಡ. ಕುಡಿದು ಅಂಗಿ ಕಿತ್ತೆಸೆದು ಕುಣಿಯುತ್ತ ಗಾಡಿ ಓಡಿಸಿದ್ದಾನೆ ಎಂದು ಎದುರಾದವರಿಗೆಲ್ಲ ಹೇಳಿದ. ಅಣ್ಣ ಸಂಜೆ ಕುಡಿಯುತ್ತಿದ್ದುದು ಸುಳ್ಳಲ್ಲ. ಹಗಲು ಮುಟ್ಟಿದ್ದನ್ನು ಯಾರೂ ಕಂಡಿರಲಿಲ್ಲ. ಆದರೆ ಹೇಳಿದ್ದನ್ನೇ ಹತ್ತು ಬಾಯಿ ಹೇಳಿದರೆ ಒಡಹುಟ್ಟಿದವನ ಎದೆಯೂ ಅಲುಗುತ್ತದೆ. ಗ್ರೀಸುವಿನ ತಲೆಯಲ್ಲಿ ಅಣ್ಣ ಬರಿಮೈಯಲ್ಲಿ ಕುಣಿಯುತ್ತಿದ್ದ, ಉಣ್ಣಲು ಕೂತರೂ, ಮಲಗಿದರೂ.

ಇವತ್ತು, ಗುಂಡಿಯಿಂದ ಎಳೆದು ತಂದು ನಿಲ್ಲಿಸಿದ್ದ ಗಾಡಿ ನೋಡಲು ಸರ್ಕಾರದ ಸಾಹೇಬರು ಬರುವವರಿದ್ದರು. ತಪ್ಪು ಗಾಡಿಯದೋ ಡ್ರೈವರನದೋ ಎಂದು ಅವರು ಹೇಳಬೇಕು. ಮಾಲೀಕನ ಲೆಕ್ಕಾಚಾರ ಸರಳವಾಗಿತ್ತು. ಮಂದ ಎಣ್ಣೆ ಸುರಿದು ಒಂದು ಗಳಿಗೆ ಹೊಗೆ ಅಡಗಿಸಬೇಕು, ಇಂಜಿನ್ ಚೆನ್ನಾಗಿತ್ತು ಎಂದು ಸತ್ತವನ ತಮ್ಮನ ಬಾಯಲ್ಲೇ ಹೇಳಿಸಬೇಕು. ಬೆದರಿಸಲಿಲ್ಲ. ಹೊಸ ಡ್ರೈವರ್ ಸಂಸಾರಸ್ಥನಂತೆ, ಅವನಿಗೊಂದು ಕೋಣೆ ಬೇಕಾಗುತ್ತದೆ ಎಂದಷ್ಟೇ ಹೇಳಿ, ತಗಡಿನ ಕೋಣೆಗಳ ಕಡೆ ನೋಡಿದ. ಅತ್ತಿಗೆ ಮಗಳನ್ನು ಕಟ್ಟಿಕೊಂಡು ಅಲ್ಲೇ ಇದ್ದಳು.

ಬೆಳಗ್ಗೆ ಗ್ರೀಸು ಗಾಡಿ ಶುರು ಮಾಡಿದಾಗ ಆ ಮಗು ತಟ್ಟೆ ಕೈಯಲ್ಲಿ ಹಿಡಿದೇ ಹೊರಗೋಡಿ ಬಂದಿತ್ತು. "ಅಪ್ಪ ಬಂತು!" ಸೀಟಿನಲ್ಲಿ ಚಿಕ್ಕಪ್ಪನನ್ನು ಕಂಡು ನಿಂತುಬಿಟ್ಟಿತು. ಅಳಲಿಲ್ಲ. ಹೊಗೆ ಹೋದ ದಿಕ್ಕಿಗೇ ನೋಡುತ್ತಿತ್ತು.

ಗ್ರೀಸು ಇಂಜಿನ್ನಿನ ಎಣ್ಣೆ ಮುಚ್ಚಳ ಸಡಿಲ ಮಾಡಿದ. ಮುಚ್ಚಳ ಕುಕ್ಕರಿನ ಮೇಲಿನ ಸೀಟಿಯಂತೆ ಕುಣಿಯಿತು. ಒಳಗಿನಿಂದ ಬುಸ್ ಬುಸ್ ಎಂದು ಹೊಗೆ. ಅದು ಅಲ್ಲಿ ಬರಬಾರದ ಹೊಗೆ. ಪಿಸ್ಟನ್ನಿನ ರಿಂಗು ಸವೆದು, ಸಿಲಿಂಡರಿನ ಲೈನರ್ ಸವೆದು, ಉರಿಯುವ ಕೋಣೆಯಿಂದ ಕೆಳಕ್ಕೆ ಸೋರಿ ಬಂದದ್ದು. ಕಪ್ಪು ಹೊಗೆಯಾಗಿದ್ದರೆ ಗಾಳಿ ಸಾಲುತ್ತಿಲ್ಲ ಎನ್ನಬಹುದಿತ್ತು. ಬಿಳಿಯಾಗಿದ್ದರೆ ಇಂಜಿನ್ ಇನ್ನೂ ಕಾದಿಲ್ಲ, ಇಲ್ಲವೇ ನೀರು ಸೇರಿದೆ. ಇದು ನೀಲಿ. ಎಣ್ಣೆಯೇ ಉರಿಯುತ್ತಿರುವ ನೀಲಿ. ಇಂಜಿನ್ ಆರಿಸಿ ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದ. ಇಷ್ಟು ಎಣ್ಣೆ ಕುಡಿಯುವ ಇಂಜಿನ್ನಿನಲ್ಲಿ ಎಣ್ಣೆ ತಳ ಕಾಣಬೇಕಿತ್ತು. ಗೆರೆ ದಾಟಿ ಎರಡು ಬೆರಳು ಮೇಲಿತ್ತು.

ಇಟ್ಟಿಗೆ ಹೊತ್ತು ಹಾದುಹೋಗುತ್ತಿದ್ದ ಅತ್ತಿಗೆಯನ್ನು ಎಣ್ಣೆಯ ಬಗ್ಗೆ ಮೆಲ್ಲಗೆ ಕೇಳಿದ. ದಿನಾ ಬೆಳಗ್ಗೆ ಸುರಿಯುತ್ತಿದ್ದ, ಲಾರಿಯಿಂದ ತೆಗೆದ ಹಳೇ ಎಣ್ಣೆ, ಎಂದಳು. ಎಣ್ಣೆ ಕಮ್ಮಿಯಾಗಿ ಇಂಜಿನ್ ಬಿಗಿದುಕೊಂಡರೆ ನಿನ್ನ ಚರ್ಮ ಸುಲಿದು ಸೀಟಿಗೆ ಹೊಲಿಸುತ್ತೇನೆ ಎಂದಿದ್ದನಂತೆ ಮಾಲೀಕ. ಅದಕ್ಕೇ ಎಷ್ಟಿದ್ದರೂ ಇನ್ನೊಂದು ಲೋಟ ಇರಲಿ ಎಂದು ಅಣ್ಣ ಸುರಿದದ್ದು.

ಗ್ರೀಸು ಕಡ್ಡಿಯನ್ನು ಒರೆಸಿ ಮತ್ತೊಮ್ಮೆ ಅದ್ದಿ ನೋಡಿದ, ಅದೇ ಎರಡು ಬೆರಳು. ಶೆಡ್ಡಿನಲ್ಲಿ ಇದಕ್ಕೆ ಇಂಜಿನ್ನಿಗೆ ಹುಚ್ಚು ಹಿಡಿಯುವುದು ಎನ್ನುತ್ತಾರೆ. ಸವೆದ ಇಂಜಿನ್ ಹೊಟ್ಟೆಯ ಎಣ್ಣೆಯನ್ನೇ ಮೇಲಕ್ಕೆಳೆದು ಕುಡಿಯಲು ಶುರುವಿಟ್ಟರೆ ಡೀಸೆಲ್ ನಿಲ್ಲಿಸಿದರೂ ನಿಲ್ಲುವುದಿಲ್ಲ. ಕಿರುಚುತ್ತ, ಕಿರುಚುತ್ತ ಏರುತ್ತದೆ. ಆಗ ಉಳಿಯುವುದು ಒಂದೇ ದಾರಿ. ಅದರ ಉಸಿರು ಕಟ್ಟಿಸಬೇಕು.

ಗಾಳಿ ಎಳೆಯುವ ಕೊಳವೆಯ ಬಾಯಿ ಬಿಚ್ಚಿದ. ಮೊದಲು ಗುಂಡಿಯ ಒಣಗಿದ ಕೆಸರು. ಅದರ ಹಿಂದೆ ಬಟ್ಟೆ. ಇಂಜಿನ್ ಅದನ್ನು ಎಷ್ಟು ಜೋರಾಗಿ ಒಳಕ್ಕೆಳೆದುಕೊಂಡಿತ್ತೆಂದರೆ, ಗುಂಡಿಗೆ ಬಿದ್ದಾಗ ಕೊಳವೆಯ ಪಕ್ಕದಲ್ಲಿ ಬಿಟ್ಟ ಬಿರುಕಿನಿಂದ ಮಾತ್ರ ಈ ಬೆಳಗ್ಗೆ ಗಾಳಿ ಆಡಿತ್ತು. ಇಕ್ಕಳ ಹಾಕಿ ಎಳೆದ. ಒಂದು ತೋಳು ಬಂತು. ಬಟನ್ನು ಬಂತು, ಬಿಳಿ ದಾರದಲ್ಲಿ ಹೊಲಿದದ್ದು. ಇಡೀ ಅಂಗಿ ಬಂತು.

ಅತ್ತಿಗೆ ತಲೆಮೇಲಿನ ಇಟ್ಟಿಗೆಗಳನ್ನು ಒಂದೊಂದಾಗಿ ಕೆಳಗಿಟ್ಟಳು. ಅಂಗಿ ಇಸಿದುಕೊಂಡು ಮುಖಕ್ಕೆ ಒತ್ತಿ ಉಸಿರೆಳೆದಳು. ಆಮೇಲೆ ಅದನ್ನು ಮೈದುನನ ಮೂಗಿಗೆ ಹಿಡಿದಳು.

"ಏನು ವಾಸನೆ ಬರ್ತದೆ, ಹೇಳಪ್ಪ."

ಡೀಸೆಲ್ಲು, ಮಣ್ಣು, ಬೆವರು ಎಂದ.

"ಅಷ್ಟೇ ತಾನೆ?"

ಅಷ್ಟೇ ಎಂದ. ಗೇರು ಬಿಡಿಸಿ, ಹಿಡಿಯದ ಬ್ರೇಕು ಒತ್ತಿಟ್ಟು, ಮುದುಕಿಯ ಮೂತಿಯ ಮೇಲೆ ಬೋರಲು ಬಿದ್ದು ಅಂಗಿ ತುರುಕುತ್ತಿರುವ ಅಣ್ಣ ಅವನಿಗೆ ಕಂಡ. ಇಂಜಿನ್ ನಿಂತಿತ್ತು. ಗಾಡಿ ಉರುಳುವುದು ನಿಂತಿರಲಿಲ್ಲ. ಹಾರಿಕೊಂಡಿದ್ದರೆ ಬದುಕುತ್ತಿದ್ದ. ಯಾಕೆ ಹಾರಲಿಲ್ಲ ಎಂಬುದು, ಚರ್ಮ ಸುಲಿದು ಹೊಲಿಸುತ್ತೇನೆ ಎಂದಿದ್ದ ಆ ಸೀಟಿಗೆ ಗೊತ್ತಿತ್ತು.

ಮಾಲೀಕ ಆಗ ಎದ್ದ. ಹತ್ತಿರ ಬಂದು, ಗಾಡಿಯಲ್ಲಿ ಸಿಕ್ಕ ಚಿಂದಿಗೆಲ್ಲ ಕಥೆ ಕಟ್ಟಬೇಡ ಎಂದ. ಅತ್ತಿಗೆಯ ಕೈಯಿಂದ ಅಂಗಿ ಕಿತ್ತುಕೊಂಡು ಗೂಡಿನ ಬಾಯಿಗೆ ತಾನೇ ಎಸೆದ. ಎಣ್ಣೆ ಕುಡಿದ ಬಟ್ಟೆ, ಭಗ್ಗನೆ ಉರಿಯಿತು. ಬೆಂಕಿಗೆ ಸೌದೆ ಒಡ್ಡುವ ಮುದುಕ ಮುಖ ತಿರುಗಿಸಿದ.

ಸಾಹೇಬರು ಬಂದಾಗ ಗ್ರೀಸು ಎಲ್ಲ ಹೇಳಿದ. ಅಂಗಿ ಎಲ್ಲಿ ಎಂದು ಅವರು ಕೇಳಿದರು. ಯಾವ ಅಂಗಿ ಸಾರ್, ಎಂದ ಮಾಲೀಕ. ಇಟ್ಟಿಗೆ ಹೊರುವವರು ನೆಲ ನೋಡಿದರು. ಸಾಹೇಬರು ಗಡಿಯಾರ ನೋಡಿ, ಗಾಡಿ ಶುರು ಮಾಡು, ಸಾಕು, ಎಂದರು.

ಗ್ರೀಸು ಚಕ್ರಗಳಿಗೆ ಹಿಂದೆ ಮುಂದೆ ಇಟ್ಟಿಗೆ ಕೊಟ್ಟ. ಅಣ್ಣ ಸುರಿದಿದ್ದ ಎಣ್ಣೆಯ ಮೇಲೆ, ಹೊಗೆ ಅಡಗಿಸಲೆಂದು ಮಾಲೀಕ ತರಿಸಿಟ್ಟಿದ್ದ ಮಂದ ಎಣ್ಣೆಯ ಡಬ್ಬವನ್ನೂ ಪೂರ್ತಿ ಸುರಿದ. ಕೀಲಿ ತಿರುಗಿಸಿ ವೇಗ ಹೆಚ್ಚಿಸುವ ಕೈಥ್ರಾಟಲನ್ನು ಕೊನೆಯವರೆಗೂ ಎಳೆದಿಟ್ಟು ಇಳಿದ.

ಮುದುಕಿ ಕೆಮ್ಮಿದಳು. ಗುಡುಗಿದಳು. ಆಮೇಲೆ ದನಿ ಏರತೊಡಗಿತು, ಏರಿದ್ದು ಇಳಿಯಲೇ ಇಲ್ಲ. ನೀಲಿ ಹೊಗೆ ಕಂಬದಂತೆ ಎದ್ದು ಅಂಗಳದ ಮೇಲೆ ಕವುಚಿತು.

"ನಿಲ್ಸೋ ಬೇವರ್ಸಿ!"

"ನೀವೇ ನಿಲ್ಸಿ, ಯಜಮಾನ್ರೇ. ಚೆನ್ನಾಗಿರೋ ಇಂಜಿನ್ನು."

ಮಾಲೀಕ ನುಗ್ಗಿ ಬಂದು ಇಂಜಿನ್ ಆರಿಸುವ ಗುಬಟು ಎಳೆದ. ಇನ್ನೂ ಎಳೆದ. ತಂತಿ ಸಮೇತ ಕೈಗೆ ಬಂತು. ಇಂಜಿನ್ ಕಿರುಚುತ್ತಲೇ ಇತ್ತು. ಸಾಹೇಬರು ಮೂಗಿಗೆ ಕರವಸ್ತ್ರ ಒತ್ತಿಕೊಂಡು ತಮ್ಮ ಜೀಪಿನ ಮರೆಗೆ ಹೋದರು. ಯಾರಾದರೂ ಏನಾದರೂ ತುರುಕಿ ಎಂದು ಮಾಲೀಕ ಕೂಗಿದ. ಎಲ್ಲರ ತಲೆಮೇಲೂ ಸಿಂಬೆಯಿತ್ತು, ಹೆಗಲ ಮೇಲೆ ಟವೆಲಿತ್ತು. ಒಂದು ಕೈಯೂ ಮೇಲೇಳಲಿಲ್ಲ.

ಒಳಗೆ ಏನೋ ಮುರಿಯಿತು. ಕಬ್ಬಿಣ ಕಬ್ಬಿಣವನ್ನು ಹಲ್ಲಿನಲ್ಲಿ ಹಿಡಿದಂಥ ಸದ್ದು, ಆಮೇಲೆ ಏನೂ ಇಲ್ಲ.

ಆ ನಿಶ್ಶಬ್ದದಲ್ಲಿ ಜೀಪಿನ ಹಿಂದಿನಿಂದ ಸಾಹೇಬರ ದನಿ ಬಂತು.

"ನನಗೇನೂ ಕಾಣಲಿಲ್ಲಪ್ಪ. ಬರೀ ಹೊಗೆ."

ಜೀಪು ಹೊರಟುಹೋಯಿತು. ಮಾಲೀಕ ಎಲ್ಲರನ್ನೂ ಕೆಲಸಕ್ಕೆ ಅಟ್ಟಲು ತಿರುಗಿದ, ಬಾಯಿ ತೆರೆದ, ಹಾಗೇ ನಿಂತ. ಹೊಗೆಯೊಳಗೆ ಅತ್ತಿಗೆ ಮುದುಕಿಯ ಮೇಲೆ ಹತ್ತುತ್ತಿದ್ದಳು. ಹೆಂಗಸರು ಮಡ್‌ಗಾರ್ಡ್ ಮೇಲೂ ಕೂರುವಂತಿರಲಿಲ್ಲ ಆ ಗೂಡಿನಲ್ಲಿ. ಅವಳು ಸೀಟಿನಲ್ಲೇ ಕೂತು, ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದಳು.

"ಇಳಿಯೇ ಕೆಳಗೆ."

"ಇಳಿಸು ಬಾ."

ಮಾಲೀಕ ಒಂದು ಹೆಜ್ಜೆ ಇಟ್ಟ. ಬೆಂಕಿಗೆ ಸೌದೆ ಒಡ್ಡುವ ಮುದುಕ ಕೈಯಲ್ಲಿದ್ದ ಸೌದೆಯನ್ನು ನೆಲಕ್ಕೆ ಹಾಕಿ, ಅದರ ಮೇಲೆ ಕೂತುಬಿಟ್ಟ. ಇಟ್ಟಿಗೆ ಹೊತ್ತವರು ಹೊತ್ತೇ ನಿಂತಿದ್ದರು. ಹೊಗೆ ತೆಳ್ಳಗಾಗಲಿಲ್ಲ. ಅದರೊಳಗಿಂದ ಅತ್ತಿಗೆ, ಸತ್ತ ಇಂಜಿನ್ನಿನ ಕಡೆ ಕಿವಿಯಿಟ್ಟು, ಯಾರಿಗೆಂದಲ್ಲದೆ ಕೇಳಿದಳು:

"ಅವನು ಅಂಗಿ ಬಿಚ್ಚಿ ನಿಲ್ಲಿಸಿದ್ದು ಇನ್ನೂ ಓಡ್ತಾನೇ ಇದೆ. ನಿಮಗೆ ಕೇಳಿಸಲ್ವಾ?"