ಜೀನಿನ ಕಥೆ ಬರೆಯಲು ಕೂತು ಹೊಲಿಗೆ ಬಿಚ್ಚಿದ್ದು

೧

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಜೀವಕೋಶದಿಂದ ಶುರು ಮಾಡಿದರೆ ಎರಡನೇ ಸಾಲಿಗೇ ಪುಟ ತಿರುಗಿಸುತ್ತೀರಿ. ಮಧುಗಿರಿಯ ಕಾಲೇಜಿನಲ್ಲಿ ಹದಿನೆಂಟು ವರ್ಷದಿಂದ ಜೀವಶಾಸ್ತ್ರ ಹೇಳುತ್ತಿರುವವಳು ನಾನು. ಯಾರು ಯಾವಾಗ ಆಕಳಿಸುತ್ತಾರೆ ಅಂತ ಮೊದಲೇ ಗೊತ್ತಾಗುತ್ತದೆ.

(ಹರಿದು ಹಾಕಿದ ಡ್ರಾಫ್ಟ್: ‘ಜೀವಕೋಶ ತನ್ನೊಳಗೆ ಕೆಟ್ಟದ್ದನ್ನು ತಾನೇ ತಿಂದು ಚೊಕ್ಕಟ ಮಾಡಿಕೊಳ್ಳುತ್ತದೆ. ಇದೇ ಆಟೋಫೇಜಿ. ಇದನ್ನು ನಡೆಸುವ ಜೀನನ್ನು ಇಲಿಯ ನರಕೋಶದಲ್ಲಿ ಅಳಿಸಿದರೆ ಕಸ ಗುಡ್ಡೆಯಾಗಿ ಇಲಿಯ ನಡಿಗೆ ತಪ್ಪುತ್ತದೆ.’ ಆಕಳಿಸಿದಿರಿ ತಾನೇ?)

೨

ಸರಿ, ಮನುಷ್ಯರನ್ನೇ ಕರೆತರೋಣ. ಶಿರಾದ ಟೈಲರ್ ಅಬ್ದುಲ್ ರಶೀದ್, ವಯಸ್ಸು ಅರವತ್ತೆರಡು. ಅಂಗಡಿಯಲ್ಲಿ ಅಳತೆ ತೆಗೆಯುವುದು, ಬಟ್ಟೆ ಕತ್ತರಿಸುವುದು ಮಗಳು ಸುಮಯ್ಯ. ಮಷಿನ್ ಮಾತ್ರ ಅವರದು. ಎರಡು ವರ್ಷದಿಂದ ಅವರ ಕೈ ನಡುಗುತ್ತಿದೆ. ನರದ ಕಾಯಿಲೆ, ಆಟೋಫೇಜಿ ಜೀನೊಂದರಲ್ಲಿ ದೋಷ, ಮಗಳಿಗೂ ಬಂದಿರಬಹುದು, ರಕ್ತ ಪರೀಕ್ಷೆ ಮಾಡಿಸಿ ಅಂದಿದ್ದಾರೆ ಡಾಕ್ಟರು. ಸುಮಯ್ಯ ಮಾಡಿಸಿಲ್ಲ.

ಅಪ್ಪ ಸಂಜೆಯ ಅಸರ್ ನಮಾಜಿಗೆ ಎದ್ದು ಹೋದ ತಕ್ಷಣ ಅವಳು ಬ್ಲೇಡು ಹಿಡಿದು ಅವರ ಸೊಟ್ಟ ಹೊಲಿಗೆಗಳನ್ನೆಲ್ಲ ಬಿಚ್ಚುತ್ತಾಳೆ. ನೆಟ್ಟಗೆ ಹೊಲಿದು ಮಡಿಸಿಟ್ಟು, ಏನೂ ಅರಿಯದವಳ ಹಾಗೆ ಕೂರುತ್ತಾಳೆ. ಗಿರಾಕಿಗಳಿಗೂ ಗೊತ್ತಿಲ್ಲ, ಅಪ್ಪನಿಗೂ ಗೊತ್ತಿಲ್ಲ.

(ಸುಮಯ್ಯಳೇ ಆ ಜೀನು ಅಂತ ಬರೆದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಅವಳು ಕತ್ತರಿ ಕೆಳಗಿಟ್ಟಳು.)

“ಮೇಡಂ, ನಾನು ಜೀನೂ ಅಲ್ಲ, ಗೀನೂ ಅಲ್ಲ. ಅಬ್ಬಾ ಹೆಸ್ರು ಕೆಡಬಾರ್ದು, ಅಷ್ಟೇಯ. ಪಾಠ ಮಾಡೋಕೆ ಬಂದಿದ್ರೆ ಮಧುಗಿರಿ ಬಸ್ಸು ಐದಕ್ಕೈತೆ.”

೩

(ಇಲ್ಲ. ಇಲ್ಲಿ ಪಾಠವೇ ಇತ್ತು. ಕಿತ್ತು ಹಾಕಿದೆ.)

೪

ಮುಕ್ತಾಯ ಕೊಡುತ್ತೇನೆ, ಆರಿಸಿಕೊಳ್ಳಿ. ಸುಮಯ್ಯ ಅಪ್ಪನಿಗೆ ನಿಜ ಹೇಳುತ್ತಾಳೆ, ಅವರು ಮಷಿನ್ ಮುಚ್ಚುತ್ತಾರೆ. (“ನಾನು ಹೇಳಲ್ಲ,” ಅಂದಳು.) ಬೇಡವಾ? ಪರೀಕ್ಷೆ ಮಾಡಿಸುತ್ತಾಳೆ, ಏನೂ ಇಲ್ಲ ಅಂತ ಬರುತ್ತದೆ, ಎಲ್ಲರೂ ಬಿರಿಯಾನಿ ತಿನ್ನುತ್ತಾರೆ. (“ನೀವೇ ಬರ್ಕೊಂಡು ನೀವೇ ತಿನ್ನಿ.”) ಎಂಥ ಹಟಮಾರಿ ನೋಡಿ. ಕಥೆ ನನ್ನದೋ ಇವಳದೋ?

ಆ ಸಿಟ್ಟಿಗೆ ನಾನು ಮಸೀದಿ ಬೀದಿಯ ಟೀ ಅಂಗಡಿಗೆ ಹೋಗಿ ರಶೀದರನ್ನು ಹಿಡಿದೆ. ಕಥೆಗಾರ್ತಿಯೇ ಪಾತ್ರದ ಮೇಲೆ ಚಾಡಿ ಹೇಳುವುದು ಮರ್ಯಾದೆಯಲ್ಲ. ಆದರೂ ಎಲ್ಲವನ್ನೂ ಹೇಳಿಬಿಟ್ಟೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ಅವರು ಎರಡೂ ಕೈಯಲ್ಲಿ ಲೋಟ ಹಿಡಿದು ಒಂದು ಗುಟುಕು ಕುಡಿದರು.

“ಗೊತ್ತು ಮೇಡಂ. ಒಂದು ವರ್ಷದಿಂದ ಗೊತ್ತು. ಅದ್ಕೇ ಹೊಲಿಗೆ ದೊಡ್ಡದಾಗಿ ಹಾಕ್ತೀನಿ, ಬಿಚ್ಚೋಕೆ ಸಲೀಸಾಗ್ಲಿ ಅಂತ.”

ನನ್ನ ಮುಖ ಪೆಚ್ಚಾಯಿತು. “ಮತ್ತೆ ಯಾಕೆ ಹೊಲೀತೀರಿ? ಬಿಟ್ಟುಬಿಡಬಹುದಲ್ಲ?”

“ನಾನು ಬುಟ್ಬುಟ್ರೆ ಅವಳು ಮಷಿನ್ ಮುಟ್ಟಲ್ಲ. ಅಬ್ಬಾ ಜಾಗ ಅಂತಾಳೆ. ದಿನಾ ನಮಾಜ್ ಮುಗ್ಸಿ ಹೋಗಿ, ಅವಳು ಹೊಲ್ದಿರೋದ್ನ ಬೆರಳಲ್ಲಿ ಸವರಿ ನೋಡ್ತೀನಿ. ಇವತ್ತಿನ್ ಗಂಟ ನೆಟ್ಟಗೈತೆ. ಡಾಕ್ಟರು ಹೇಳಿದ್ರಲ್ಲ ಪರೀಕ್ಷೆ, ನಂದು ಹಿಂಗೆ.”

“ಒಂದು ದಿನ ಸೊಟ್ಟಗಿದ್ದರೆ?”

ಇದನ್ನು ಕೇಳಬಾರದಿತ್ತು. ಅವರು ಲೋಟ ಕೆಳಗಿಟ್ಟರು.

“ಅವತ್ತು ನಾನು ಬಿಚ್ತೀನಿ,” ಅಂದರು. “ಅವಳಿಗೆ ಗೊತ್ತಾಗ್ದಂಗೆ.”

೫

ಕಥೆ ಮುಗಿಸಲು ಒಳ್ಳೆಯ ಸಾಲು, ಅಲ್ಲವೇ? ಮುಗಿಸುವುದಿಲ್ಲ. ಈ ಕಥೆ ನಿಜವಾಗಿ ಮುಗಿಯುವುದು ಸುಮಯ್ಯಳ ಕೈ ನಡುಗಿದ ದಿನ, ಅಥವಾ ನಡುಗುವುದೇ ಇಲ್ಲ ಅಂತ ಖಚಿತವಾದ ದಿನ. ಮೊದಲನೆಯದನ್ನು ಬರೆಯಲು ನನಗೆ ಭಯ. ಎರಡನೆಯದನ್ನು ಬರೆದರೆ ಅವಳು ನಂಬುವುದಿಲ್ಲ.

ರಶೀದರಿಗೆ ಗೊತ್ತು ಅಂತ ಅವಳಿಗೆ ನಾನು ಹೇಳಿಲ್ಲ. ಶಿರಾ ಕಡೆ ಹೋದರೆ ನೀವೂ ಹೇಳಬೇಡಿ. ಹೋದವರು ಒಂದು ಬಟ್ಟೆ ಹೊಲಿಯಲು ಕೊಟ್ಟು ಬನ್ನಿ, ಅರ್ಜೆಂಟೇನಿಲ್ಲ ಅನ್ನಿ.