ಕುರ್ಚಿಯಲ್ಲಿ ಕೂತವರಿಗೆ ಪಾಠ

“ಪುಸ್ತಕ ಪೂರ್ತಿ ಹಳದಿ ಪೆನ್ನು ಬಳಿದಿದ್ದೀಯಲ್ಲೇ ಪುಟ್ಟಿ, ಇದರಲ್ಲಿ ಮುಖ್ಯ ಅಲ್ಲದ್ದು ಅಂತ ಒಂದೇ ಒಂದು ಸಾಲು ತೋರಿಸು ನೋಡೋಣ,” ಎಂದರು ಕಟಿಂಗ್ ಶಾಪಿನ ಯಜಮಾನರು, ನನ್ನ ಗಲ್ಲಕ್ಕೆ ಸೋಪಿನ ನೊರೆ ಹಚ್ಚುತ್ತಲೇ.

ಅವರ ಮಗಳು ಮೂಲೆಯ ಸ್ಟೂಲಿನ ಮೇಲೆ ಮುದುಡಿ ಕೂತಿದ್ದಳು. ಕಣ್ಣು ಊದಿಕೊಂಡಿತ್ತು. ನರ್ಸಿಂಗ್ ಕಾಲೇಜಿನ ಮೊದಲ ವರ್ಷದ ಫಲಿತಾಂಶ ಹಿಂದಿನ ದಿನ ಬಂದಿತ್ತು. ಉಳಿದ ವಿಷಯಗಳೆಲ್ಲ ಪಾಸು. ಶರೀರಶಾಸ್ತ್ರದಲ್ಲಿ ಮಾತ್ರ ನೂರಕ್ಕೆ ಇಪ್ಪತ್ತೆರಡು. ಐದು ವಾರಕ್ಕೆ ಮರುಪರೀಕ್ಷೆ. ಅದರಲ್ಲೂ ಹೋದರೆ ಎರಡನೇ ವರ್ಷಕ್ಕೆ ಬಿಡುವುದಿಲ್ಲ, ಹೊಸ ಮಕ್ಕಳ ಜೊತೆ ಕೂತು ಇಡೀ ವರ್ಷ ಮೊದಲಿನಿಂದ ಓದಬೇಕು. ಹಾಗಾದರೆ ತಾನು ಕಾಲೇಜನ್ನೇ ಬಿಡುತ್ತೇನೆ ಎಂದು ಅವಳು ಆಗಲೇ ಮನೆಯಲ್ಲಿ ಹೇಳಿಯಾಗಿತ್ತು.

“ದಿನಾ ಆರು ಗಂಟೆ ಓದಿದೀನಪ್ಪಾ. ಇನ್ನೇನು ಮಾಡಲಿ? ಈ ಪುಸ್ತಕ ಐದು ಸಲ ಓದಿ ಮುಗಿಸಿದೀನಿ.”

“ಓದಿಲ್ಲ ಅಂತ ನಾನೆಲ್ಲಿ ಅಂದೆ? ಓದಿದ್ದು ಎಲ್ಲಿ ಹೋಯ್ತು ಅಂತ ಕೇಳ್ತಿದೀನಿ.” ಯಜಮಾನರು ರೇಜರನ್ನು ಬಟ್ಟೆಗೆ ಒರೆಸಿದರು. “ನಾನೂ ಹಿಂಗೇ ಇದ್ದೆ ಕಣೇ. ನಮ್ಮ ಗುರುಗಳ ಕೈಯನ್ನ ಒಂದು ವರ್ಷ ಕಣ್ಣು ಮಿಟುಕಿಸದೆ ನೋಡಿದೆ. ಕತ್ತರಿ ಹೀಗೆ ಹೋಗುತ್ತೆ, ಬಾಚಣಿಗೆ ಹಾಗೆ ಬರುತ್ತೆ, ಎಲ್ಲಾ ಗೊತ್ತು ಅನ್ಕೊಂಡೆ. ಒಂದಿನ ಅವರು ಊಟಕ್ಕೆ ಹೋದಾಗ ಒಬ್ಬ ಗಿರಾಕಿ ಬಂದ. ಕತ್ತರಿ ಕೈಗೆ ಬಂತು ನೋಡು, ತಲೆ ಖಾಲಿ. ಆ ಮನುಷ್ಯ ಒಂದು ತಿಂಗಳು ಟೋಪಿ ಹಾಕ್ಕೊಂಡೇ ತಿರುಗಿದ.”

ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ನಿವೃತ್ತ ಪೋಸ್ಟ್ ಮಾಸ್ತರರು ಪೇಪರಿನ ಹಿಂದಿನಿಂದ ಕಿಸಕ್ಕನೆ ನಕ್ಕರು. ಯಜಮಾನರು ಮಗಳ ಕೈಯಿಂದ ಪುಸ್ತಕ ಕಿತ್ತುಕೊಂಡು ಬ್ಲೇಡಿನ ಪೆಟ್ಟಿಗೆ ಇಡುವ ಡ್ರಾಯರಿಗೆ ಹಾಕಿ ಮುಚ್ಚಿದರು.

“ಈಗ ಹೇಳು. ಇವತ್ತು ಬೆಳಿಗ್ಗೆ ಏನು ಓದಿದೆಯೋ ಅದನ್ನ ಇವರಿಗೆ ಹೇಳು.”

“ಡ್ರೈವರ್ ಮಾಮಂಗಾ? ಅವರಿಗ್ಯಾಕಪ್ಪಾ ತೊಂದರೆ?”

“ಅವರು ಎಲ್ಲಿ ಓಡಿಹೋಗ್ತಾರೆ? ಕುತ್ತಿಗೆಗೆ ಬಟ್ಟೆ ಕಟ್ಟಿದೀನಿ, ಮುಖದ ತುಂಬ ನೊರೆ ಇದೆ.”

ಆ ಡ್ರೈವರ್ ಮಾಮ ನಾನೇ. ಇಪ್ಪತ್ತಾರು ವರ್ಷದಿಂದ ಬಸ್ಸು ಓಡಿಸುತ್ತೇನೆ, ದಿನ ಬಿಟ್ಟು ದಿನ ಡ್ಯೂಟಿಗೆ ಮೊದಲು ಇಲ್ಲೇ ಗಡ್ಡ ತೆಗೆಸುತ್ತೇನೆ. ಓದು ನನ್ನ ತಲೆಗೆ ಎಂದೂ ಹತ್ತಿದ್ದಲ್ಲ. ನನ್ನನ್ನು ಪಾಠ ಕೇಳಲು ಕೂರಿಸಿದ್ದು ಅದೇ ಮೊದಲು.

“ಹೃದಯದಲ್ಲಿ ನಾಲ್ಕು ಕೋಣೆ ಇದೆ ಮಾಮ,” ಎಂದು ಶುರುಮಾಡಿದಳು. “ಮೇಲೆ ಎರಡು, ಕೆಳಗೆ ಎರಡು. ರಕ್ತ ಬಲಗಡೆಯಿಂದ... ಅಲ್ಲ, ಅದು ಶ್ವಾಸಕೋಶಕ್ಕೆ ಹೋಗಿ... ಅಪ್ಪಾ, ಪುಸ್ತಕ ನೋಡಿದ್ರೆ ಎಲ್ಲಾ ಗೊತ್ತಾಗುತ್ತೆ!”

“ಪರೀಕ್ಷೇಲಿ ಪುಸ್ತಕ ಕೊಡ್ತಾರಾ? ಸರಿ, ಕನ್ನಡೀಲಿ ಮಾಮನ ಮುಖ ನೋಡು. ಅವರಿಗೆ ಅರ್ಥ ಆಗಿದೆಯಾ?”

ಪಾಪ ಹುಡುಗಿ ಎಂದು ನಾನು ತಲೆಯಾಡಿಸಿದೆ.

“ಸುಳ್ಳು!” ಎಂದರು ಯಜಮಾನರು. “ಮೂವತ್ತು ವರ್ಷದಿಂದ ಇದೇ ಕನ್ನಡೀಲಿ ಜನರ ಮುಖ ನೋಡ್ತಿದೀನಿ. ಕಟಿಂಗ್ ಚೆನ್ನಾಗಿದೆ ಅಂತ ಬಾಯಿ ಹೇಳುತ್ತೆ, ಹುಬ್ಬು ಬೇರೆ ಹೇಳುತ್ತೆ. ಇವರ ಹುಬ್ಬು ನೋಡು, ದಾರಿ ತಪ್ಪಿದ ಬಸ್ಸಿನ ಥರ ಇದೆ. ಹೋಗು, ಎಲ್ಲಿ ತಡವರಿಸಿದೆಯೋ ಅಷ್ಟನ್ನೇ ಓದ್ಕೊಂಡು ಬಾ. ಅಷ್ಟೇ ಅಷ್ಟು.”

ಅಂಗಡಿಯ ಹಿಂದೆಯೇ ಅವರ ಮನೆ. ಅವಳು ಪುಸ್ತಕ ತೆಗೆದುಕೊಂಡು ಒಳಗೆ ಹೋದಳು, ಹತ್ತು ನಿಮಿಷಕ್ಕೆ ಬಂದು ಪೋಸ್ಟ್ ಮಾಸ್ತರರನ್ನು ಹಿಡಿದಳು. ಪಾಠ ಹೃದಯದ ಮೂರನೇ ಕೋಣೆಗೆ ಬರುವಷ್ಟರಲ್ಲಿ ಮಾಸ್ತರರು ಗೊರಕೆ ಹೊಡೆಯುತ್ತಿದ್ದರಂತೆ. ಗಿರಾಕಿ ನಿದ್ದೆ ಹೋದರೆ ಆ ಪಾಠ ಲೆಕ್ಕಕ್ಕಿಲ್ಲ ಎಂದು ಅಪ್ಪನ ತೀರ್ಪು.

ಹೀಗೆ ಶುರುವಾಯಿತು. ದಿನಾ ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಕುರ್ಚಿಯಲ್ಲಿ ಕೂತವರಿಗೆಲ್ಲ ಅವಳ ಪಾಠ. ಪುಸ್ತಕ ಡ್ರಾಯರಿನಲ್ಲಿ. ಹಳದಿ ಪೆನ್ನು ಎಲ್ಲಿ ಹೋಯಿತೋ ಯಾರೂ ಕೇಳಲಿಲ್ಲ. ನಿನ್ನೆಯದನ್ನು ಹೇಳಿದ ಮೇಲೆಯೇ ಇವತ್ತಿನದು. ವಾರದ ಹಿಂದಿನದನ್ನೂ ಯಜಮಾನರು ನಡುನಡುವೆ ಥಟ್ಟನೆ ಕೇಳುತ್ತಿದ್ದರು. ಅವರಿಗೆ ಉತ್ತರ ಗೊತ್ತಿರಲಿಲ್ಲ, ನಿಜ. ಆದರೆ ಮಗಳು ತಡವರಿಸಿದ್ದು ಗೊತ್ತಾಗುತ್ತಿತ್ತು.

ಅವಳ ಫೋನು ಅವಳ ಅಮ್ಮನ ವಶವಾಯಿತು. ಅದರಿಂದಲೂ ಒಂದು ಪಜೀತಿ. ಒಂದು ವಾರಕ್ಕೆ ಆ ತಾಯಿ ಬಾಗಿಲಲ್ಲಿ ನಿಂತು, “ಈ ಫೋನ್ನ ಬೇರೆ ಯಾರಿಗಾದರೂ ಕೊಡ್ರೀ. ಅದರಲ್ಲಿ ಯಾರೋ ಕುರ್ಚಿಗೆ ಬಣ್ಣ ಹೊಡೆಯೋ ವಿಡಿಯೋನೇ ತೋರಿಸ್ತಾರೆ, ಬಿಟ್ಟು ಏಳಕ್ಕಾಗ್ತಿಲ್ಲ. ಇವತ್ತು ಅನ್ನ ಸೀದುಹೋಯ್ತು,” ಎಂದರು.

“ನೋಡಿದ್ಯಾ ಪುಟ್ಟಿ?” ಎಂದರು ಯಜಮಾನರು. “ನಿಮ್ಮಮ್ಮಂಗೇ ಈ ಗತಿ. ನೀನು ಅದನ್ನ ಪಕ್ಕದಲ್ಲಿಟ್ಕೊಂಡು ಆರು ಗಂಟೆ ಓದಿದೆ ಅಂತೀಯ. ಅದರಲ್ಲಿ ಎಷ್ಟು ನಿನ್ನದು, ಎಷ್ಟು ಫೋನಿನದು?”

ಅವಳು ನಾಲಿಗೆ ಕಚ್ಚಿಕೊಂಡು ನಕ್ಕಳು. ಫಲಿತಾಂಶದ ನಂತರ ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅಂದೇ.

ಎರಡನೇ ವಾರ ಮೂತ್ರಪಿಂಡದ ಪಾಠ ಬಂತು. ಪೋಸ್ಟ್ ಮಾಸ್ತರರು ಕುರ್ಚಿಯಲ್ಲಿ ನೆಟ್ಟಗೆ ಕೂತುಬಿಟ್ಟರು. “ಇರಮ್ಮಾ, ಇದು ನನ್ನ ಪಾಠ. ಚಳಿ ಬಂತು ಅಂದ್ರೆ ನಾನು ಪದೇ ಪದೇ ಎದ್ದು ಹೋಗಬೇಕು. ಅಷ್ಟೇ ನೀರು ಕುಡೀತೀನಿ, ಚಳೀಲಿ ಯಾಕೆ ಜಾಸ್ತಿ?”

“ಗೊತ್ತಿಲ್ಲ ತಾತ.”

“ಗೊತ್ತಿಲ್ಲ ಅಂದ್ರೆ? ನಿಮ್ಮ ಮೇಷ್ಟ್ರಿಗೆ ಗೊತ್ತಿರಲ್ವಾ? ಕೇಳು ಹೋಗಿ.”

ಅವಳ ಮುಖ ಇಳಿಯಿತು. ಮರುಪರೀಕ್ಷೆಯವರಿಗೆ ವಾರಕ್ಕೆ ಮೂರು ದಿನ ತರಗತಿ ಇತ್ತು. ಅವಳು ವರ್ಷವಿಡೀ ಕೊನೆಯ ಬೆಂಚಿನಲ್ಲಿ ಕೂತವಳು, ಒಂದು ದಿನವೂ ಕೈ ಎತ್ತಿದವಳಲ್ಲ. ಕೇಳಿದರೆ ಎಲ್ಲರೂ ತಿರುಗಿ ನೋಡುತ್ತಾರಲ್ಲ ಎಂಬ ಹೆದರಿಕೆ.

“ನನ್ನ ಹೆಸರು ಹೇಳಿ ಕೇಳು,” ಎಂದರು ಮಾಸ್ತರರು. “ಒಬ್ಬ ಮುದುಕ ಒಂದೇ ಸಮನೆ ಪ್ರಾಣ ತಿಂತಿದಾನೆ ಸಾರ್ ಅನ್ನು. ನನಗೇನು ನಾಚಿಕೆ?”

ಕೇಳಿಯೇಬಿಟ್ಟಳು. ಮರುದಿನ ಅಂಗಡಿಗೆ ಓಡಿಬಂದವಳು ಚಪ್ಪಲಿ ಬಿಡುವುದನ್ನೂ ಮರೆತಿದ್ದಳು. “ತಾತ! ಚಳಿಗೆ ಚರ್ಮದ ಕೆಳಗಿನ ರಕ್ತನಾಳ ಬಿಗಿಯುತ್ತಂತೆ. ರಕ್ತ ಎಲ್ಲಾ ಒಳಗೆ ಸೇರುತ್ತೆ, ಒಳಗೆ ಒತ್ತಡ ಹೆಚ್ಚಾಗುತ್ತೆ. ಓಹೋ, ನೀರು ಜಾಸ್ತಿಯಾಯ್ತು ಅಂತ ಮೈ ಅಂದ್ಕೊಂಡು ಹೊರಗೆ ಕಳಿಸುತ್ತೆ. ಸಾರ್ ನಿಮ್ಮನ್ನ ಹೊಗಳಿದ್ರು, ಒಳ್ಳೇ ಪ್ರಶ್ನೆ ಅಂತ!” ಮಾಸ್ತರರು ಆ ಇಡೀ ದಿನ ಬೀದಿಯಲ್ಲಿ ಎದೆಯುಬ್ಬಿಸಿ ನಡೆದರು. ಅವಳು ಅಂದಿನಿಂದ ಮುಂದಿನ ಬೆಂಚು ಬಿಡಲಿಲ್ಲ. ತಾತನ ಹೆಸರಿನಲ್ಲಿ ತನ್ನ ಸಂಶಯಗಳನ್ನೂ ಸೇರಿಸಿ ಕೇಳುತ್ತಿದ್ದಳಂತೆ. ಆ ಮುದುಕರಿಗೆ ಎಷ್ಟೊಂದು ಕಾಯಿಲೆಯಪ್ಪಾ ಎಂದು ಮೇಷ್ಟ್ರಿಗೆ ಚಿಂತೆಯಾಗಿತ್ತಂತೆ.

ನಾಲ್ಕನೇ ವಾರದ ಒಂದು ಬೆಳಿಗ್ಗೆ ನನ್ನ ಸರದಿ. ಹೃದಯ ಬಡಿಯುವುದು ಹೇಗೆ ಎಂಬ ಪಾಠ.

“ಮಾಮ, ನಿಮ್ಮ ಬಸ್ಸಿಗೆ ನೀವು ಬೇಕು. ಹೃದಯಕ್ಕೆ ಡ್ರೈವರ್ ಬೇಡ. ಬಡಿ ಅಂತ ಮೆದುಳು ಹೇಳಬೇಕಾಗಿಲ್ಲ. ಬಲಗಡೆಯ ಮೇಲಿನ ಕೋಣೆಯ ಗೋಡೇಲಿ ಒಂದು ಚಿಕ್ಕ ಜಾಗ ಇದೆ, ಅಲ್ಲಿ ತಾನಾಗೇ ಕಿಡಿ ಹುಟ್ಟುತ್ತೆ. ಆ ಕಿಡಿ ಕೋಣೆಯಿಂದ ಕೋಣೆಗೆ ಹರಿಯುತ್ತೆ, ಹರಿದ ಕಡೆ ಗೋಡೆ ಬಿಗಿಯುತ್ತೆ. ಜೋರಾಗಿ ಬಡಿ, ನಿಧಾನ ಬಡಿ ಅಂತ ಮೆದುಳು ಹೇಳಬಹುದು ಅಷ್ಟೇ. ಎದೆಯಿಂದ ಹೊರಗೆ ತೆಗೆದಿಟ್ಟರೂ ಸ್ವಲ್ಪ ಹೊತ್ತು ಅದು ಬಡೀತಾನೇ ಇರುತ್ತೆ.”

“ಹೊರಗೆ ತೆಗೆದರೂ?” ಎಂದರು ಯಜಮಾನರು. ಬಾಯಿ ತೆರೆದೇ ಇತ್ತು. ಕಣ್ಣು ಮಗಳ ಮೇಲಿತ್ತು. ಕೈ ಮಾತ್ರ ತನ್ನ ಪಾಡಿಗೆ ತಾನು ನಡೆದಿತ್ತು.

ತುಟಿಯ ಮೇಲೆ ತಣ್ಣಗಾಯಿತು. ಕನ್ನಡಿ ನೋಡಿದೆ. ಮದುವೆಗೆ ಮುಂಚಿನಿಂದ ಸಾಕಿದ ಮೀಸೆ. ಬಲಗಡೆಯ ಅರ್ಧ ಇರಲಿಲ್ಲ.

ಯಜಮಾನರು ಈ ಅಂಗಡಿ ಇಟ್ಟ ಮೂವತ್ತು ವರ್ಷದಲ್ಲಿ ಇಂಥದ್ದು ಆಗಿರಲಿಲ್ಲ. ಅವರು ರೇಜರನ್ನೇ ದಿಟ್ಟಿಸಿದರು, ಅದೇನೋ ದ್ರೋಹ ಮಾಡಿದೆ ಎನ್ನುವ ಹಾಗೆ. ಹುಡುಗಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.

“ಇನ್ನರ್ಧ ಇಟ್ಕೊಂಡು ಏನು ಮಾಡ್ತೀರಿ ಡ್ರೈವರೇ?” ಎಂದರು ಮಾಸ್ತರರು. “ಅದನ್ನೂ ಪಾಠಕ್ಕೆ ದಾನ ಕೊಡಿ.”

ಮೊದಲು ನಾನೇ ನಕ್ಕೆ. “ತೆಗೀರಿ ಯಜಮಾನ್ರೇ, ಅದನ್ನೂ ತೆಗೀರಿ. ನೀನು ಹೇಳು ಮಗಳೇ, ಆ ಕಿಡಿ ಹುಟ್ಟೋ ಜಾಗ ಕೆಟ್ಟುಹೋದ್ರೆ?”

ಅವಳು ಅದಕ್ಕೂ ಉತ್ತರ ಹೇಳಿದಳು, ಪುಸ್ತಕ ಇಲ್ಲದೆ, ಒಂದು ಕಡೆಯೂ ತಡವರಿಸದೆ. ಡಿಪೋದಲ್ಲಿ ನಮ್ಮ ಕಂಡಕ್ಟರ್, “ಹೊಸ ಡ್ರೈವರಾ? ಹಳಬರು ರಜಾನಾ?” ಎಂದು ನನ್ನನ್ನೇ ಕೇಳಿದ. ನನ್ನ ಹೆಂಡತಿ ಅಂದಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಪರೀಕ್ಷೆಯ ಹಿಂದಿನ ಸಂಜೆ ನಾನು ಯಜಮಾನರ ಜೊತೆ ಟೀ ಕುಡಿಯಲು ಅಂಗಡಿಗೆ ಹೋದಾಗ ಅವಳು ಬೆವರುತ್ತಾ ಪುಸ್ತಕವನ್ನು ಮೊದಲ ಪುಟದಿಂದ ತಿರುವುತ್ತಿದ್ದಳು, ರಾತ್ರಿಯಿಡೀ ಓದಿ ಮುಗಿಸುತ್ತೇನೆ ಎಂದು ಹಟ.

“ಕೈ ನಡುಗೋ ಕ್ಷೌರಿಕನ ಮುಂದೆ ಕುತ್ತಿಗೆ ಕೊಟ್ಟು ಯಾರಾದರೂ ಕೂರ್ತಾರಾ?” ಎಂದರು ಯಜಮಾನರು. “ಅಲ್ಲ, ಕೂರ್ತಾರಾ ಹೇಳು. ಊಟ ಮಾಡಿ ಮಲಗು.” ಅವಳು ಗೊಣಗುತ್ತಲೇ ಒಳಗೆ ಹೋದಳು. ಬೆಳಿಗ್ಗೆ ಅವಳನ್ನು ಎಬ್ಬಿಸಲು ಅಮ್ಮ ಎರಡು ಸಲ ಕೂಗಬೇಕಾಯಿತಂತೆ.

ಫಲಿತಾಂಶ ಬಂದದ್ದು ಹತ್ತು ದಿನಕ್ಕೆ, ನನ್ನ ಬಸ್ಸು ಆ ಬೀದಿಯಲ್ಲಿ ಹಾಯುವ ಹೊತ್ತಿಗೆ. ಅಂಗಡಿಯ ಮುಂದೆ ನಿಲ್ದಾಣವಿಲ್ಲ. ಆದರೂ ಕಾಲು ಬ್ರೇಕಿನ ಮೇಲೆ ಹೋಯಿತು. ಹೆಗಲಿಗೆ ಬ್ಯಾಗು ಹಾಕಿಕೊಂಡು ಅವಳು ಮೆಟ್ಟಿಲ ಮೇಲೇ ನಿಂತಿದ್ದಳು. ಯಜಮಾನರು ಅರ್ಧ ಕಟಿಂಗ್ ಆದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಹೊರಗೆ ಬಂದಿದ್ದರು. ಮಾಸ್ತರರು ಕೈಯಲ್ಲಿದ್ದ ಪೇಪರನ್ನು ಬಾವುಟದ ಹಾಗೆ ಬೀಸುತ್ತಿದ್ದರು.

“ಎಷ್ಟು?” ಎಂದು ಕಿಟಕಿಯಿಂದ ಕೂಗಿದೆ.

“ಎಪ್ಪತ್ತೊಂಬತ್ತು ಮಾಮ! ಮರುಪರೀಕ್ಷೆ ಬರೆದ ಮೂವತ್ತು ಜನರಲ್ಲಿ ನಾನೇ ಮೊದಲು!”

“ಮೌಖಿಕ ಪರೀಕ್ಷೇಲಿ ಹೆದರಲಿಲ್ವಾ?”

“ಹೆದರಿದೆ! ಓಡಿದಾಗ ಮುಖ ಯಾಕೆ ಕೆಂಪಾಗುತ್ತೆ ಅಂತ ಕೇಳಿದ್ರು. ಅದನ್ನ ಓದೇ ಇರಲಿಲ್ಲ. ಚಳಿಗೆ ರಕ್ತನಾಳ ಬಿಗಿಯುತ್ತೆ ಅಂದ್ರೆ ಬಿಸಿಗೆ ಸಡಿಲ ಆಗಬೇಕಲ್ವಾ ಅಂತ ಯೋಚಿಸ್ಕೊಂಡೇ ಹೇಳಿದೆ. ಅವರ ಹುಬ್ಬು ಮೊದಲು ಗಂಟಿತ್ತು, ಆಮೇಲೆ ಬಿಚ್ಚಿಕೊಳ್ತು. ಆಗಲೇ ಗೊತ್ತಾಯ್ತು ನಂಗೆ.”

ಬಸ್ಸಿನಲ್ಲಿದ್ದವರಿಗೆ ತಲೆಬುಡ ತಿಳಿಯದಿದ್ದರೂ ಅರ್ಧ ಜನ ಚಪ್ಪಾಳೆ ತಟ್ಟಿದರು. ಯಜಮಾನರು ಕೈಯಲ್ಲಿದ್ದ ಬಾಚಣಿಗೆಯಿಂದ ಸುಮ್ಮನೆ ತಮ್ಮ ತಲೆಯನ್ನೇ ಬಾಚಿಕೊಂಡರು.

“ನಿಂತೇ ಇದೀಯಲ್ಲೇ,” ಎಂದರು ಕೊನೆಗೆ. “ಪಾಸಾದವರಿಗೆ ಎರಡನೇ ವರ್ಷದ ಮೊದಲ ಕ್ಲಾಸು ಇವತ್ತೇ ಹನ್ನೊಂದಕ್ಕೆ ಅಂದೆ?”

“ಹೌದಪ್ಪಾ, ಹೊರಟೆ!”

ಅವಳು ರಸ್ತೆ ದಾಟಿ ಓಡಿಬಂದು ಮುಂಬಾಗಿಲಿನಿಂದ ಹತ್ತಿದಳು. ಕಂಡಕ್ಟರ್ ಸೀಟಿ ಊದಿದ, ನಾನು ಗೇರು ಹಾಕಿದೆ.