ಹಸಿರು ಪೊಟ್ಟಣದ ಕೆಳಗೆ

ಇದು ನಡೆದದ್ದು. ಕೀಲುಂಗ್ ಬಂದರಿನ ಹಿಂದಿನ ಗಲ್ಲಿಯ ನಮ್ಮ ಗ್ಯಾರೇಜಿನಲ್ಲಿ, ನನ್ನ ಕಣ್ಣೆದುರೇ ನಡೆದದ್ದು. ಬೈಗುಳಗಳನ್ನು ಮಾತ್ರ ಸೋಸಿದ್ದೇನೆ. ಸೋಸದೆ ಬಡಿಸಿದರೆ ಕಾಗದ ಹೊತ್ತಿಕೊಂಡೀತು.

ಆ ಬೆಳಿಗ್ಗೆ ಲ್ಯಾವ್ ಶೂ-ಚಿನ್ ಅಕ್ಕ ತನ್ನ ಹಳದಿ ಟ್ಯಾಕ್ಸಿಯನ್ನು ಒಳಗೆ ತಂದು ನಿಲ್ಲಿಸಲಿಲ್ಲ, ಎಸೆದಳು ಅನ್ನಬೇಕು. ಅದೇ ಗಾಡಿ, ಅದೇ ಕಾಯಿಲೆ, ಮೂರನೆಯ ಸಲ. ಓಡುತ್ತಿರುವಾಗಲೇ, ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ಕಾಯುವ ಎ.ಬಿ.ಎಸ್.ನ ದೀಪ ಹೊತ್ತಿಕೊಳ್ಳುತ್ತದೆ, ವೇಗದ ಮುಳ್ಳು ಸೊನ್ನೆಗೆ ಬಿದ್ದು ಸಾಯುತ್ತದೆ. ಈ ಸಲ ಡಯಾಲಿಸಿಸ್‌ಗೆ ಹೊರಟ ಅಜ್ಜಿಯೊಬ್ಬಳನ್ನು ಕೂರಿಸಿಕೊಂಡು, ಮಳೆಯಲ್ಲಿ, ಗುಡ್ಡದ ಇಳಿಜಾರಿನಲ್ಲಿ ಬ್ರೇಕ್ ಒತ್ತಿದ್ದಾಳೆ. ಚಕ್ರಗಳು ಗಕ್ಕನೆ ಕಚ್ಚಿಕೊಂಡು ಗಾಡಿ ಅಡ್ಡಡ್ಡ ಜಾರಿ, ತಡೆಗೋಡೆ ಗೇಣು ದೂರವಿರುವಾಗ ನಿಂತಿದೆ.

ಇಳಿದವಳೇ ಅವಳು ನೋಡಿದ್ದು ಕುವೊ ಜುಂಗ್-ಯಾವ್‌ನ ಕಡೆಗೆ. ನಮ್ಮಲ್ಲಿ ಗಾಡಿಯ ಕರೆಂಟಿನ ಕೆಲಸವೆಲ್ಲ ಅವನದು. ಮೊದಲ ಸಲ ಸಂಪರ್ಕದ ಪಿನ್ನುಗಳನ್ನು ತೊಳೆದು ಕಳಿಸಿದ್ದ, ಎರಡನೆಯ ಸಲ ಎ.ಬಿ.ಎಸ್. ಘಟಕವನ್ನೇ ಬದಲಿಸಿದ್ದ.

"ತಮ್ಮಾ, ನೀನು ರಿಪೇರಿ ಮಾಡಿದ್ದು ಗಾಡೀನೋ, ಬರೀ ದೀಪಾನೋ?"

"ಘಟಕ ಹೊಸದು ಅಕ್ಕ. ಅದು ಕೆಟ್ಟಿಲ್ಲ."

"ಹಾಗಾದ್ರೆ ಕೆಟ್ಟೋಳು ನಾನು ಅನ್ನು."

ನಮ್ಮ ಯಜಮಾನ ಷಿಯೆಯವರಿಗೆ ಊಲಾಂಗ್ ಚಹಾದ ಲೋಟಕ್ಕೆ ಊದುತ್ತಲೇ ಮಾತಾಡುವ ಅಭ್ಯಾಸ; ಅವರ ಸಿಟ್ಟಿಗೂ ಹಬೆ ಸೇರಿಕೊಂಡಿರುತ್ತದೆ. ಜುಂಗ್-ಯಾವ್ ದೋಷ ಓದುವ ಯಂತ್ರವನ್ನು ಗಾಡಿಗೆ ಸಿಕ್ಕಿಸಿ ನೋಡಿದ. ಪರದೆಯ ಮೇಲೆ ಹಳೆಯ ಪಾಠವೇ ಬಂತು: ಎ.ಬಿ.ಎಸ್. ಘಟಕದೊಡನೆ ಸಂಪರ್ಕ ತಪ್ಪಿದೆ. ಇನ್ನೊಂದು ಘಟಕ ತರಿಸು ಎಂದರು ಯಜಮಾನರು. ದೋಷ ಅದರಲ್ಲಿಲ್ಲ, ತರಿಸುವುದಿಲ್ಲ ಎಂದ ಇವನು. ಟ್ಯಾಕ್ಸಿಯವಳ ಎದುರಿಗೇ, ಟೈರ್ ಬಿಚ್ಚುತ್ತಿದ್ದ ನನ್ನ ಎದುರಿಗೇ ಯಜಮಾನರು ಲೋಟಕ್ಕೆ ಫೂ ಎಂದು ಊದಿ ತೀರ್ಪು ಕೊಟ್ಟರು.

"ಈ ಗಾಡಿ ಇನ್ನೊಂದ್ಸಲ ವಾಪಸ್ ಬಂತೋ, ನಿನ್ನ ಟೂಲ್ ಬಾಕ್ಸ್ ಎತ್ಕೊಂಡು ಹೊರಡು."

ಜುಂಗ್-ಯಾವ್‌ನ ಮುಖ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಮೀಟರು ತರಲು ಒಳಕೋಣೆಗೆ ಹೋಗಿ ಬಾಗಿಲನ್ನು ಧಡ್ ಎನ್ನಿಸಿದ. ಯಂತ್ರಕ್ಕೂ ಘಟಕಕ್ಕೂ ಮಾತು ಬಿಟ್ಟಿತ್ತು, ಸರಿ. ಈಗ ಗ್ಯಾರೇಜಿನಲ್ಲಿ ಯಾರಿಗೂ ಯಾರೊಡನೆಯೂ ಮಾತಿಲ್ಲ.

ಈಗ ಪೊಟ್ಟಣದ ವಿಚಾರ. ನಮ್ಮ ದ್ವೀಪದಲ್ಲಿ ಯಂತ್ರವಿದ್ದಲ್ಲೆಲ್ಲ ಒಂದು ಹಸಿರು ಪೊಟ್ಟಣ ಇರುತ್ತದೆ. ತೆಂಗಿನಕಾಯಿ ಘಮದ ಜೋಳದ ಕುರುಕಲು. ಮೇಲೆ, ಮಗುವನ್ನು ರಮಿಸುವಂತೆ, 'ಜಾಣ, ಜಾಣ' ಎಂದು ಬರೆದಿರುತ್ತದೆ. ಹಸಿರಾದರೆ ಯಂತ್ರ ಹೇಳಿದ ಮಾತು ಕೇಳುತ್ತದೆ, ಹಳದಿಯದನ್ನು ಇಟ್ಟರೆ ಹಟ ಹಿಡಿಯುತ್ತದೆ. ಇಟ್ಟ ಪೊಟ್ಟಣವನ್ನು ಯಾರೂ ಕದಲಿಸಬಾರದು. ರಿಪೇರಿಯಾದ ಪ್ರತಿ ಗಾಡಿಗೂ ಯಜಮಾನರು ತಾವೇ ಎರಡೂ ಕೈಯಿಂದ, ಬ್ಯಾಟರಿಯ ಪಕ್ಕದ ಸಂದಿಯಲ್ಲಿ, ತಂತಿಗಳ ಕಟ್ಟಿನ ಮೇಲೆ ಒಂದನ್ನು ಇಡುತ್ತಾರೆ. ಗಾಡಿ ಮತ್ತೆ ಬಂದರೆ ಹಳೆಯದರ ಮೇಲೆ ಹೊಸದೊಂದು. ಜುಂಗ್-ಯಾವ್ ಅಂತೂ ಪೊಟ್ಟಣದ ಪರಮಭಕ್ತ. ಅದಕ್ಕೆ ಸ್ಪ್ಯಾನರು ತಗುಲಿದರೂ ಕ್ಷಮೆ ಕೇಳುವವನು.

ಇದು ಲ್ಯಾವ್ ಅಕ್ಕನಿಗೂ ಗೊತ್ತು. ಅವಳು ಎದುರಿನ ಅಂಗಡಿಗೆ ದಾಪುಗಾಲಿಟ್ಟು ಹೋಗಿ ಹಳದಿ ಪೊಟ್ಟಣವೊಂದನ್ನು ತಂದಳು, ಬಾನೆಟ್ ಎತ್ತಿ ಹಸಿರಿನ ನೆತ್ತಿಯ ಮೇಲೆ ಕೂರಿಸಿ ಮುಚ್ಚಿದಳು. ಉರಿಯಲಿ ಅವನಿಗೂ ಒಂದಿಷ್ಟು, ಎಂದು ಗೊಣಗಿ ನನ್ನತ್ತ ಕಣ್ಣು ಬಿಟ್ಟಳು. ಆ ಕಣ್ಣಿಗೆ ಹೆದರಿ ನಾನು ಬಾಯಿ ಬಿಡಲಿಲ್ಲ.

ಜುಂಗ್-ಯಾವ್ ಬಂದು ಬಾನೆಟ್ ಎತ್ತಿದ. ಆಮೇಲೆ, ಅಷ್ಟು ವರ್ಷ ಮೆಲ್ಲಗೆ ಮಾತಾಡುತ್ತಿದ್ದ ಮನುಷ್ಯ, ಬಂದರಿನ ಹಡಗು ಕೂಗಿದ ಹಾಗೆ ಕೂಗಿದ.

"ಹಳದಿ ಇಟ್ಟೋನು ಯಾವನು? ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ಇಟ್ಟಿದ್ದೀರಾ ಇದನ್ನ?"

ಹಳದಿಯನ್ನು ಕಿತ್ತು ಗೋಡೆಗೆ ಬೀಸಿದ. ಅದು ಮುಟ್ಟಿದ್ದು ಮೈಲಿಗೆ ಎಂದುಕೊಂಡನೋ ಏನೋ, ಕೆಳಗಿದ್ದ ಹಸಿರು ಪೊಟ್ಟಣಗಳನ್ನೂ ಒಂದೇ ಹಿಡಿಗೆ ಎಳೆದು ಎಸೆದ. ಅವು ನನ್ನ ಕಾಲ ಬಳಿ ಬಿದ್ದು ಒಡೆದವು. ಉದುರಿದ್ದು ಕುರುಕಲಲ್ಲ, ಇಲಿಯ ಹಿಕ್ಕೆ.

ಸಂದಿಯಲ್ಲಿ ಬಟ್ಟೆಚೂರಿನ ಗೂಡೊಂದಿತ್ತು. ಅದರಡಿಯಲ್ಲಿ, ಎ.ಬಿ.ಎಸ್. ಘಟಕ ಉಳಿದ ಗಾಡಿಯೊಡನೆ ಮಾತಾಡುವ ಹೆಣೆದ ಜೋಡಿ ತಂತಿ ಮೈ ಬಿಟ್ಟುಕೊಂಡು ಮಲಗಿತ್ತು. ಒಂದು ಎಳೆ ಕೂದಲಿನಷ್ಟು ತೆಳ್ಳಗಾಗಿತ್ತು. ಜುಂಗ್-ಯಾವ್ ಬ್ಯಾಟರಿ ಬಿಚ್ಚಿ ಮೀಟರಿನ ಕಡ್ಡಿ ಚುಚ್ಚಿದ. ಅರವತ್ತು ಓಮ್, ಅಂದರೆ ಎರಡೂ ತಂತಿ ಸರಿ. ತಂತಿಯನ್ನು ಬೆರಳಿನಿಂದ ಮುಟ್ಟಿದ. ನೂರಿಪ್ಪತ್ತು, ಅಂದರೆ ಒಂದು ತುಂಡು. ಬೆರಳು ತೆಗೆದ, ಮತ್ತೆ ಅರವತ್ತು. ನಿಂತಾಗ ಕೂಡಿಕೊಂಡು, ಓಡುವಾಗ ಕುಲುಕಿದರೆ ಬಿಟ್ಟುಕೊಳ್ಳುವ ಎಳೆ. ಹಿಂದಿನ ಎರಡು ಸಲವೂ ಅವನು ಉಳಿದ ತಂತಿಯನ್ನೆಲ್ಲ ಅಲುಗಾಡಿಸಿ ನೋಡಿದ್ದ, ಪೊಟ್ಟಣದಡಿಯ ಈ ಗೇಣುದ್ದವನ್ನು ಬಿಟ್ಟು.

ಯಜಮಾನರು ಓಡಿ ಬಂದವರೇ ಪೊಟ್ಟಣ ಮುಟ್ಟಿದ್ದು ಯಾರೆಂದು ಹಾರಾಡಿದರು.

"ನಾನೇ. ಮೊದಲೇ ಮುಟ್ಟಬೇಕಿತ್ತು," ಎಂದ ಜುಂಗ್-ಯಾವ್. ದನಿ ತಗ್ಗಿತ್ತು, ಅದೇ ಹೆಚ್ಚು ಭಯ ಹುಟ್ಟಿಸಿತು. "ಗಾಡಿ ಬಂದಾಗಲೆಲ್ಲ ಹೊಸ ಊಟ ಬಡಿಸಿದ್ದೀರಿ ಯಜಮಾನ್ರೇ. ಎರಡು ಕೈಯಲ್ಲಿ. ನಾನು ತಂತಿ ಜೋಡಿಸೋದು, ನೀವು ಇಲೀನ ಕರೆಯೋದು. ಟೂಲ್ ಬಾಕ್ಸ್ ಯಾರು ಎತ್ಕೋಬೇಕು, ಈಗ ಹೇಳಿ."

ಯಜಮಾನರು ಲೋಟವನ್ನು ಕೆಳಗಿಟ್ಟರು. ಕ್ಷಮೆ ಅವರ ಬಾಯಲ್ಲಿ ಹುಟ್ಟುವ ಪದಾರ್ಥವಲ್ಲ. ಯಾರೂ ಏನೂ ಎತ್ತಿಕೊಳ್ಳುವುದು ಬೇಡ, ತಂತಿ ಸೇರಿಸು, ಎಂದಷ್ಟೇ ಹೇಳಿ ತಾವೇ ಪೊರಕೆ ಹಿಡಿದರು.

ಜುಂಗ್-ಯಾವ್ ಇಲಿ ಕಡಿದ ಭಾಗವನ್ನು ಕತ್ತರಿಸಿ, ಒಳ್ಳೆಯ ತಾಮ್ರ ಸಿಗುವವರೆಗೆ ಸಿಪ್ಪೆ ಸುಲಿದು ಬೆಸೆದ, ಮೊದಲಿದ್ದಂತೆ ಜೋಡಿಯನ್ನು ಹೆಣೆದ, ಇಲಿ ಬಾಯಿ ಹಾಕದಂತೆ ಖಾರ ಸವರಿದ ಟೇಪು ಸುತ್ತಿದ. ಹಿಡಿದು ಜಗ್ಗಿದರೂ ಮೀಟರು ಅರವತ್ತು ಬಿಟ್ಟು ಕದಲಲಿಲ್ಲ. ಅದೇ ಇಳಿಜಾರಿಗೆ ಗಾಡಿ ಒಯ್ದೆವು. ಎಡಬದಿಯ ಸ್ಟೇರಿಂಗಿಗೆ ಕೂತು ಅಕ್ಕನೇ ಓಡಿಸಿದಳು, ಅವನು ಅವಳ ಬಲಕ್ಕೆ, ನಾನು ಹಿಂದೆ. ಒದ್ದೆ ರಸ್ತೆಯಲ್ಲಿ ಅವಳು ಬ್ರೇಕನ್ನು ತುಳಿದಳು. ಎ.ಬಿ.ಎಸ್. ಎಚ್ಚೆತ್ತು ಪೆಡಲು ಕಾಲಡಿಯಲ್ಲಿ ಗಡಗಡ ನಡುಗಿತು, ಗಾಡಿ ನೇರವಾಗಿ ನಿಂತಿತು. ದೀಪ ಹತ್ತಲಿಲ್ಲ.

ಜುಂಗ್-ಯಾವ್‌ನ ಸಿಟ್ಟು ಮಾತ್ರ ಇನ್ನೂ ಆರಿರಲಿಲ್ಲ. ಹಳದಿ ಇಟ್ಟವನು ಸಿಕ್ಕಲಿ, ಕೈ ಮುರಿಯುತ್ತೇನೆ, ಎಂದು ಹಲ್ಲು ಕಡಿದ.

ಲ್ಯಾವ್ ಅಕ್ಕ ಹ್ಯಾಂಡ್‌ಬ್ರೇಕ್ ಎಳೆದು ಎರಡೂ ಕೈಗಳನ್ನು ಅವನ ಮುಂದೆ ಚಾಚಿದಳು.

"ತಗೋ, ಮುರಿ. ಬಲಗೈ ಒಂದು ಬಿಡು ತಮ್ಮಾ, ಗೇರ್ ಹಾಕ್ಬೇಕು."

ಅವನು ಆ ಕೈಗಳನ್ನು ನೋಡಿದ, ಅವಳ ಮುಖ ನೋಡಿದ, ಏನೋ ಬೈಯಲು ಬಾಯಿ ತೆರೆದ. ಬಂದದ್ದು ನಗು. ಅಕ್ಕ ನಕ್ಕಳು, ನಾನೂ ನಕ್ಕೆ. ಆದರೆ ಡ್ಯಾಶ್‌ಬೋರ್ಡಿಗೆ ಹಣೆ ಒತ್ತಿ, ತೊಡೆ ಬಡಿದುಕೊಂಡು ಅವನು ನಕ್ಕ ಅಬ್ಬರಕ್ಕೆ ಹಿಂದೆ ನಿಂತಿದ್ದ ಬಸ್ಸಿನ ಹಾರನ್ನೂ ನಮಗೆ ಕೇಳಿಸಲಿಲ್ಲ.